ಹಗಲು ಪೋಸ್ಟರ್, ಉಳಿದ ಹೊತ್ತು ಕ್ಯಾನ್ವಾಸ್: ಸ್ವಿಸ್ ವಿನ್ಯಾಸಕಾರರ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ತಿರುಗುತ್ತಿವೆ. ಸ್ವಿಟ್ಜರ್ಲೆಂಡಿನಲ್ಲಿ ಪೋಸ್ಟರ್, ಲೋಗೊ, ಪತ್ರಿಕೆಯ ಪುಟ ಮಾಡಿ ಬದುಕಿದವರೇ ದೊಡ್ಡ ಚಿತ್ರಕಾರರೂ ಆದದ್ದು ಹೇಗೆ ಎಂಬುದು ಆ ವಿಷಯ. ಹಾಗಾಗಿ ಈ ತಿಂಗಳ ಪುಟಗಳನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಬಿ.ವಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಜಾಹೀರಾತು ಕಂಪನಿ ಸೇರಿದರೆ ಕೈ ಕೆಡುತ್ತದೆ, ಚಿತ್ರ ಬರೆಯುವುದು ಅಲ್ಲಿಗೆ ಮುಗಿಯಿತು ಎಂದು ಹಿರಿಯರು ಹೆದರಿಸುತ್ತಾರೆ. ಸ್ವಿಸ್ ವಿನ್ಯಾಸಕಾರರು ಎರಡನ್ನೂ ಹೇಗೆ ನಿಭಾಯಿಸಿದರು? (ಮೈಸೂರು)

ವಿನ್ಯಾಸಕಾರರೂ ಚಿತ್ರಕಾರರೂ ಆಗಿದ್ದ ರಿಚರ್ಡ್ ಪೌಲ್ ಲೋಸೆ ಅವರ ಚಿತ್ರಗಳ ಜತೆ ಕೊಡುವ ಇಸವಿಯನ್ನು ಒಮ್ಮೆ ಗಮನಿಸಿ. ಅನೇಕ ಚಿತ್ರಗಳಿಗೆ ಒಂದಲ್ಲ, ಎರಡು ಇಸವಿ ಇರುತ್ತವೆ: 1950/55, 1946/58, 1950/67, ಹೀಗೆ. ಮೊದಲನೆಯದು ಚಿತ್ರದ ಲೆಕ್ಕಾಚಾರ ಕಾಗದದ ಮೇಲೆ ಕೂತ ವರ್ಷ. ಎರಡನೆಯದು ಕ್ಯಾನ್ವಾಸಿನ ಮೇಲೆ ಬಣ್ಣ ಮುಗಿದ ವರ್ಷ. ನಡುವೆ ಐದು, ಹನ್ನೆರಡು, ಹದಿನೇಳು ವರ್ಷ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಓರೆಗೆರೆಯಲ್ಲೇ ಇದೆ.

ಲೋಸೆ ಹುಟ್ಟಿದ್ದು 1902ರಲ್ಲಿ, ಜ್ಯೂರಿಕ್‌ನಲ್ಲಿ. 1920ರ ದಶಕದಲ್ಲಿ ಅದೇ ಊರಿನ ಮ್ಯಾಕ್ಸ್ ಡಲಾಂಗ್ ಜಾಹೀರಾತು ಏಜೆನ್ಸಿಯಲ್ಲಿ ದುಡಿದರು. ಮುಂದೆ ಸ್ವಂತವಾಗಿ ಪುಸ್ತಕ, ಪ್ರದರ್ಶನ, ಪತ್ರಿಕೆಗಳ ವಿನ್ಯಾಸ ಮಾಡುತ್ತ ಹೊಟ್ಟೆಪಾಡು ನೋಡಿಕೊಂಡರು. ವಾಸ್ತುಶಿಲ್ಪದ ಪತ್ರಿಕೆ 'ಬೌವೆನ್ ಉಂಟ್ ವೋನೆನ್'ಗೆ ಪುಟವಿನ್ಯಾಸ ಮಾಡಿದರು. ಜೋಸೆಫ್ ಮ್ಯುಲರ್-ಬ್ರಾಕ್‌ಮನ್, ಹಾನ್ಸ್ ನಾಯ್‌ಬುರ್ಗ್, ಕಾರ್ಲೊ ವಿವರೆಲ್ಲಿ ಅವರೊಡನೆ ಸೇರಿ 1958ರಿಂದ 1965ರವರೆಗೆ 'ನೊಯೆ ಗ್ರಾಫಿಕ್' ಎಂಬ ತ್ರಿಭಾಷಾ ಪತ್ರಿಕೆ ನಡೆಸಿದರು. ಬಂದದ್ದು 18 ಸಂಚಿಕೆ. ಇಡೀ ಜಗತ್ತಿಗೆ 'ಸ್ವಿಸ್ ಶೈಲಿ' ಎಂದರೆ ಏನೆಂದು ತೋರಿಸಿದ್ದು ಆ ಪತ್ರಿಕೆ. ಇದೆಲ್ಲದರ ಜತೆಜತೆಗೇ ಚಿತ್ರ. 1937ರಲ್ಲಿ 'ಅಲಿಯಾಂಜ್' ಕಲಾವಿದರ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ ಅವರ ಕೆಲಸ ಬಂದದ್ದು 1968ರಲ್ಲಿ, ಮತ್ತೆ 1982ರಲ್ಲಿ. ಅಷ್ಟರಲ್ಲಿ ಅವರಿಗೆ ಎಂಬತ್ತು ಹತ್ತಿರವಾಗಿತ್ತು.

ಇಲ್ಲಿ ಕಲಿಯಬೇಕಾದ ಕ್ರಮ ಒಂದಿದೆ. ಲೋಸೆಯವರ ಚಿತ್ರದಲ್ಲಿ ಕಷ್ಟದ ಕೆಲಸ ಯೋಚನೆಯದು. ಎಷ್ಟು ಬಣ್ಣ, ಎಷ್ಟು ಸಾಲು, ಯಾವ ಬಣ್ಣ ಎಲ್ಲಿಗೆ ಸರಿಯಬೇಕು ಎಂಬುದು ಅಂಗೈ ಅಗಲದ ಕಾಗದದಲ್ಲಿ, ಬಣ್ಣದ ಪೆನ್ಸಿಲಿನಲ್ಲಿ ತೀರ್ಮಾನವಾಗಬಹುದು. ಒಮ್ಮೆ ತೀರ್ಮಾನವಾದರೆ ಆ ಕಾಗದ ವರ್ಷಗಟ್ಟಲೆ ಕಾಯುತ್ತದೆ, ಕೆಡುವುದಿಲ್ಲ. ಒಂದೇ ಗುಕ್ಕಿನಲ್ಲಿ ಬರೆದು ಮುಗಿಸಬೇಕಾದ ಚಿತ್ರವಾದರೆ ಹೀಗೆ ಕಾಯಿಸಲಾಗದು. ಕೆಲಸಕ್ಕೆ ಹೋಗುವವರು ತಮ್ಮ ಚಿತ್ರ ಯಾವ ಜಾತಿಯದು ಎಂದು ಮೊದಲು ನೋಡಿಕೊಳ್ಳಬೇಕು. ದಿನಕ್ಕೆ ಅರ್ಧ ಗಂಟೆ ಸಿಗುವವರು ಕಾಯಬಲ್ಲ ಚಿತ್ರವನ್ನೇ ಹಿಡಿಯುವುದು ಲೇಸು.

ಎಲ್ಲರೂ ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟು ಕೊನೆಯವರೆಗೂ ಸಾಗಲಿಲ್ಲ. ಗಾಟ್‌ಫ್ರೀಡ್ ಹೊನೆಗರ್ (1917–2016) ಅಂಗಡಿ ಕಿಟಕಿ ಅಲಂಕರಿಸುವ ಕೆಲಸ ಕಲಿತು, 1937ರಲ್ಲಿ ಜ್ಯೂರಿಕ್‌ನಲ್ಲಿ ಗ್ರಾಫಿಕ್ ಸ್ಟುಡಿಯೋ ತೆರೆದವರು. 1950ರ ದಶಕದ ನಡುವಿನಲ್ಲಿ ಬಾಸೆಲ್‌ನ ಗೈಗಿ ಔಷಧ ಕಂಪನಿಯಲ್ಲಿ ಕಲಾ ನಿರ್ದೇಶಕರಾಗಿದ್ದರು. 1958ರಲ್ಲಿ ನ್ಯೂಯಾರ್ಕಿಗೆ ಹೋದರು, 1960ರಲ್ಲಿ ಅಲ್ಲಿನ ಮಾರ್ಥಾ ಜಾಕ್ಸನ್ ಗ್ಯಾಲರಿಯಲ್ಲಿ ಚಿತ್ರಪ್ರದರ್ಶನ ಮಾಡಿದರು. ಆಮೇಲೆ ಪ್ಯಾರಿಸ್, ಮತ್ತೆ ಪೂರ್ತಿ ಕಲೆ. ನಲವತ್ತು ದಾಟಿದ ಮೇಲೆ ತೆಗೆದುಕೊಂಡ ನಿರ್ಧಾರ ಅದು. ಅವರ ಉಬ್ಬುಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಹಳೆಯ ಕಸುಬು ಕಾಣುತ್ತದೆ. ಒಂದೇ ಅಳತೆಗೆ ಕತ್ತರಿಸಿದ ರಟ್ಟಿನ ತುಂಡುಗಳನ್ನು ಸಾಲಾಗಿ ಅಂಟಿಸಿ, ಮೇಲೆ ಒಂದೇ ಬಣ್ಣವನ್ನು ಪದರ ಪದರವಾಗಿ ಹಚ್ಚಿರುತ್ತಾರೆ. ರಟ್ಟು, ಬ್ಲೇಡು, ಅಳತೆಪಟ್ಟಿ ಎಲ್ಲ ಸ್ಟುಡಿಯೋ ಮೇಜಿನವೇ.

ಪ್ರಶ್ನೆ: ಲೋಸೆ ಅವರ ಚೌಕಚೌಕದ ಚಿತ್ರ ನೋಡಿ ನಾನೂ ಆರು ಬಣ್ಣದಲ್ಲಿ ಪ್ರಯತ್ನಿಸಿದೆ. ಮೊದಲ ಸಲ ಬರೀ ಓರೆಪಟ್ಟೆ ಬಂತು. ಎರಡನೆಯ ಸಲ ನಾಲ್ಕನೇ ಸಾಲಿಗೆ ಮೊದಲ ಸಾಲೇ ಮರಳಿ ಬಂತು. ತಪ್ಪೆಲ್ಲಿ? (ಧಾರವಾಡ)

ನೀವು ಮೊದಲ ಸಲ ಪ್ರತಿ ಸಾಲನ್ನೂ ಒಂದು ಮನೆ ಸರಿಸಿದ್ದೀರಿ, ಎರಡನೆಯ ಸಲ ಎರಡು ಮನೆ. ಒಂದು ಮನೆ ಸರಿಸಿದರೆ ಒಂದೇ ಬಣ್ಣದ ಚೌಕಗಳು ಮೂಲೆಗೆ ಮೂಲೆ ತಾಗಿ ಮೆಟ್ಟಿಲಾಗುತ್ತವೆ, ಕಣ್ಣು ಅದನ್ನೇ ಪಟ್ಟೆ ಎಂದು ಓದುತ್ತದೆ. ಆರು ಬಣ್ಣದಲ್ಲಿ ಎರಡೆರಡು ಸರಿಸಿದರೆ ಮೂರು ಸಾಲಿಗೆ ಆರು ಮನೆ ಸರಿದು ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. 6ನ್ನು 2 ಭಾಗಿಸುವುದರಿಂದ ಈ ತೊಡಕು.

ಐದು ಬಣ್ಣ ತೆಗೆದುಕೊಳ್ಳಿ, ಎರಡು ಮನೆ ಸರಿಸಿ. ಬಣ್ಣಗಳಿಗೆ ಅಂಕಿ ಕೊಟ್ಟರೆ ಸಾಲುಗಳು ಹೀಗಿರುತ್ತವೆ: 1-2-3-4-5, 3-4-5-1-2, 5-1-2-3-4, 2-3-4-5-1, 4-5-1-2-3. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಎಲ್ಲ ಬಣ್ಣ ಒಂದೊಂದೇ ಸಲ. ಒಂದೇ ಬಣ್ಣದ ಎರಡು ಚೌಕ ಎಲ್ಲೂ ಮೂಲೆಗೂ ತಾಗುವುದಿಲ್ಲ, ಚದುರಂಗದ ಕುದುರೆಯ ಹಾಗೆ ಹಾರುತ್ತವೆ. ಏಳು ಬಣ್ಣವಾದರೆ ಎರಡಾಗಲಿ ಮೂರಾಗಲಿ ಸರಿಸಬಹುದು. ಎಲ್ಲ ಬಣ್ಣಕ್ಕೂ ಸಮಪಾಲು, ಯಾವುದೂ ಯಜಮಾನನಲ್ಲ ಎಂಬುದು ಲೋಸೆ ಅವರಿಗೆ ಬಹಳ ಮುಖ್ಯವಾಗಿತ್ತು. ಅವರ ರಚನೆಗಳು ಇದಕ್ಕಿಂತ ಎಷ್ಟೋ ಜಟಿಲ. ಅಭ್ಯಾಸಕ್ಕೆ ಇದು ಸಾಕು.

ಇನ್ನು ಬಣ್ಣ ಹಚ್ಚುವ ಕ್ರಮ. ಒಂದು ಚೌಕ 6 ಸೆಂ.ಮೀ. ಇಟ್ಟುಕೊಳ್ಳಿ, ಚಿತ್ರ 30 ಸೆಂ.ಮೀ. ಆಗುತ್ತದೆ. ಒಂದೊಂದು ಬಣ್ಣಕ್ಕೆ ಐದು ಚೌಕ, ಅಂದರೆ 180 ಚದರ ಸೆಂ.ಮೀ. ಎರಡು ಪದರಕ್ಕೆ ಸುಮಾರು 10 ಮಿ.ಲೀ., ಎರಡು ಟೀ ಚಮಚದಷ್ಟು ಅಕ್ರಿಲಿಕ್ ಬೇಕು. ಅಷ್ಟನ್ನೂ ಒಂದೇ ಸಲ ಕಲೆಸಿ ಮುಚ್ಚಳದ ಡಬ್ಬಿಯಲ್ಲಿಡಿ. ಅರ್ಧದಲ್ಲಿ ಮುಗಿದು ಮತ್ತೆ ಕಲೆಸಿದರೆ ಅದೇ ಬಣ್ಣ ಬರುವುದೇ ಇಲ್ಲ. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಹಾಗಾಗಿ ಹಸಿ ಬಣ್ಣ ನೋಡಿ ತೀರ್ಮಾನಿಸಬೇಡಿ. ಚೂರು ಕಾಗದಕ್ಕೆ ಹಚ್ಚಿ, ಒಣಗಿಸಿ, ಐದನ್ನೂ ಪಕ್ಕದಲ್ಲಿಟ್ಟು ನೋಡಿ.

ಮೊದಲು ಒಂದನೇ ಬಣ್ಣದ ಐದೂ ಚೌಕಕ್ಕೆ ಮಾಸ್ಕಿಂಗ್ ಟೇಪ್ ಹಾಕಿ. ಒಂದಕ್ಕೊಂದು ತಾಗದಿರುವುದರಿಂದ ಐದನ್ನೂ ಒಟ್ಟಿಗೆ ಮುಗಿಸಬಹುದು. ಟೇಪಿನ ಅಂಚಿಗೆ ಮೊದಲು ಬಣ್ಣವಿಲ್ಲದ ಅಕ್ರಿಲಿಕ್ ಮೀಡಿಯಂ ಸವರಿ ಒಣಗಿಸಿ. ಸಂದಿಯೊಳಗೆ ನುಗ್ಗುವುದಿದ್ದರೆ ಅದೇ ನುಗ್ಗುತ್ತದೆ, ಬಣ್ಣ ನುಗ್ಗುವುದಿಲ್ಲ. ಎರಡನೇ ಪದರ ಪೂರ್ತಿ ಒಣಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿದಂತೆ ನಿಧಾನ ಎಳೆಯಿರಿ. ಮುಂದಿನ ಬಣ್ಣಕ್ಕೆ ಒಂದು ದಿನ ಬಿಡಿ, ಇಲ್ಲದಿದ್ದರೆ ಹೊಸ ಟೇಪು ಹಳೆಯ ಬಣ್ಣವನ್ನೇ ಕಿತ್ತು ತರುತ್ತದೆ. ಇದೇ ಕಾರಣಕ್ಕೆ ಇಲ್ಲಿ ಪೋಸ್ಟರ್ ಕಲರ್ ಬೇಡ. ಒಣಗಿದ ಮೇಲೂ ಅದು ಟೇಪಿಗೆ ಎದ್ದುಬರುತ್ತದೆ.

ಪ್ರಶ್ನೆ: ಮ್ಯಾಕ್ಸ್ ಬಿಲ್ ಅವರದು 'ಕಾಂಕ್ರೀಟ್ ಕಲೆ' ಎಂದು ಓದಿದೆ. ಸಿಮೆಂಟಿನ ಶಿಲ್ಪವೇ? (ಮಂಗಳೂರು)

ಅಲ್ಲ. ಸಿಮೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಗುಡ್ಡವನ್ನೋ ಮುಖವನ್ನೋ ನೋಡಿ, ಅದನ್ನು ಸರಳಗೊಳಿಸುತ್ತ ಹೋದರೆ ಅದು ಅಮೂರ್ತ ಚಿತ್ರ. ಹೊರಗಿನ ಯಾವುದನ್ನೂ ಆಧಾರವಾಗಿ ಇಟ್ಟುಕೊಳ್ಳದೆ, ಗೆರೆ, ಬಣ್ಣ, ಅಳತೆಗಳಿಂದಲೇ ಕಟ್ಟಿದರೆ ಆ ಗೆರೆಯೇ ಮೂರ್ತ ವಸ್ತು. ಈ ಅರ್ಥದಲ್ಲಿ ಈ ಪದವನ್ನು 1930ರಲ್ಲಿ ಪ್ಯಾರಿಸ್‌ನಲ್ಲಿ ಥಿಯೋ ವಾನ್ ಡೂಸ್‌ಬರ್ಗ್ ಬಳಸಿದರು. 1936ರಲ್ಲಿ ಜ್ಯೂರಿಕ್‌ನ ಒಂದು ಪ್ರದರ್ಶನದ ಕ್ಯಾಟಲಾಗಿಗೆ ಬರೆದ ಲೇಖನದಲ್ಲಿ ಬಿಲ್ ಅದನ್ನು ಗಟ್ಟಿಯಾಗಿ ನೆಲೆಗೊಳಿಸಿದರು. 'ಮೂರ್ತ ಕಲೆ' ಎಂದು ನಾವು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು.

ಬಿಲ್ (1908–1994) ಹುಟ್ಟಿದ್ದು ವಿಂಟರ್‌ಟೂರ್‌ನಲ್ಲಿ. ಮೊದಲು ಕಲಿತದ್ದು ಬೆಳ್ಳಿ ಕೆಲಸ, ಆಮೇಲೆ ಜರ್ಮನಿಯ ಡೆಸ್ಸೌದಲ್ಲಿದ್ದ ಬೌಹೌಸ್ ವಿನ್ಯಾಸ ಶಾಲೆ. ಜ್ಯೂರಿಕ್‌ಗೆ ಮರಳಿ ಜಾಹೀರಾತು, ಪುಸ್ತಕ, ಅಂಗಡಿಯ ಲೋಗೊ ಮಾಡುತ್ತ ಜೀವನ ಸಾಗಿಸಿದರು. ಅವರ ಪಟ್ಟಿ ಉದ್ದವಿದೆ. ಚಿತ್ರ, ಶಿಲ್ಪ, ಕಟ್ಟಡ, ಯುಂಗ್‌ಹಾನ್ಸ್ ಕಂಪನಿಯ ಗಡಿಯಾರ, 1953ರಲ್ಲಿ ಶುರುವಾದ ಉಲ್ಮ್ ವಿನ್ಯಾಸ ಶಾಲೆಯ ಮೊದಲ ಮುಖ್ಯಸ್ಥನ ಸ್ಥಾನ, 1967ರಿಂದ 1971ರವರೆಗೆ ಸ್ವಿಸ್ ಸಂಸತ್ತಿನ ಸದಸ್ಯತ್ವ. 1951ರಲ್ಲಿ ಸಾವೊ ಪೌಲೊ ಬಿಯೆನ್ನಾಲೆ ಎಂಬ ಕಲಾಪ್ರದರ್ಶನ ಮೊದಲ ಸಲ ನಡೆದಾಗ 'ಮೂರುಭಾಗದ ಏಕತೆ' ಎಂಬ ಲೋಹಶಿಲ್ಪಕ್ಕೆ ಬಹುಮಾನ ಬಂದ ಮೇಲೆ ಬ್ರೆಜಿಲ್‌ನ ತರುಣ ಕಲಾವಿದರ ಮೇಲೆ ಅವರ ಪ್ರಭಾವ ಆಳವಾಗಿ ಬಿತ್ತು.

ವಿನ್ಯಾಸ ಮತ್ತು ಚಿತ್ರ ಅವರಲ್ಲಿ ಎಲ್ಲಿ ಸೇರುತ್ತವೆ ಎಂದು ತಿಳಿಯಲು 1935–38ರ 'ಒಂದೇ ವಸ್ತುವಿನ ಹದಿನೈದು ರೂಪಾಂತರ' ಎಂಬ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಸರಣಿ ನೋಡಬೇಕು. ಮೂಲ ವಸ್ತು ಒಂದು ಗೆರೆ. ಸಮಬಾಹು ತ್ರಿಭುಜವಾಗಿ ಶುರುವಾಗುತ್ತದೆ, ಮುಚ್ಚಿಕೊಳ್ಳಬೇಕಾದ ಕಡೆ ಮುಚ್ಚಿಕೊಳ್ಳದೆ ಚೌಕಕ್ಕೆ ಹೊರಳುತ್ತದೆ, ಅಲ್ಲಿಂದ ಪಂಚಭುಜ, ಷಡ್ಭುಜ, ಹೀಗೆ ಅಷ್ಟಭುಜದವರೆಗೆ ಬಿಚ್ಚಿಕೊಳ್ಳುತ್ತದೆ. ಎಲ್ಲ ಬಾಹುಗಳ ಉದ್ದವೂ ಒಂದೇ. ನಂತರದ ಹದಿನೈದು ಹಾಳೆಗಳಲ್ಲಿ ಇದೇ ಗೆರೆಯ ಕೋನಬಿಂದುಗಳನ್ನು, ಒಳವೃತ್ತಗಳನ್ನು, ತುಂಬಿದ ಬಣ್ಣಗಳನ್ನು ಬೇರೆ ಬೇರೆಯಾಗಿ ಎತ್ತಿ ತೋರಿಸುತ್ತಾರೆ. ಒಂದು ಕಂಪನಿಗೆ ಲೋಗೊ ಮಾಡಿ, ಅದೇ ಲೋಗೊವನ್ನು ಲೆಟರ್‌ಹೆಡ್, ಪೆಟ್ಟಿಗೆ, ಬೋರ್ಡುಗಳಿಗೆ ಒಗ್ಗಿಸುವವರಿಗೆ ಈ ಯೋಚನೆ ಹೊಸದಲ್ಲ.

ಬರೆದು ನೋಡುವವರಿಗೆ ಒಳಕೋನಗಳು ಹೀಗಿವೆ: 60, 90, 108, 120, 128.57, 135 ಡಿಗ್ರಿ. ಎಲ್ಲರೂ ಎಡವುವುದು ಸಪ್ತಭುಜದಲ್ಲಿ. ಕೋನಮಾಪಕದಲ್ಲಿ 128.57 ಹಿಡಿಯಲು ಆಗದು. ಅರ್ಧ ಡಿಗ್ರಿ ತಪ್ಪಿದರೂ ಕೊನೆಗೆ ಗೆರೆ ಅಷ್ಟಭುಜಕ್ಕೆ ಸರಿಯಾಗಿ ಹೊರಳುವುದಿಲ್ಲ. ಅದಕ್ಕೆ ಕೋನ ಬಿಟ್ಟು ವೃತ್ತ ಹಿಡಿಯಿರಿ. ಬಾಹು 3 ಸೆಂ.ಮೀ. ಆದರೆ ಸಪ್ತಭುಜದ ಹೊರವೃತ್ತದ ತ್ರಿಜ್ಯ 3.46 ಸೆಂ.ಮೀ., ಅಷ್ಟಭುಜದ್ದು 3.92 ಸೆಂ.ಮೀ. ಆ ವೃತ್ತ ಎಳೆದು, ಕೈವಾರವನ್ನು 3 ಸೆಂ.ಮೀ.ಗೆ ಇಟ್ಟು ಅಂಚಿನುದ್ದಕ್ಕೂ ಹೆಜ್ಜೆ ಹಾಕಿಸಿ.

ಪ್ರಶ್ನೆ: ಕಾರ್ಲ್ ಗೆರ್ಸ್ಟ್‌ನರ್ ಅವರ '58ರ ಗ್ರಿಡ್' ಎಂದರೇನು? ಕನ್ನಡ ಪುಟಕ್ಕೆ ಬಳಸಬಹುದೇ? (ಪುಟವಿನ್ಯಾಸಕಾರರು, ಬೆಂಗಳೂರು)

ಬಳಸಬಹುದು, ಒಂದೆರಡು ಬದಲಾವಣೆಯೊಂದಿಗೆ. ಗೆರ್ಸ್ಟ್‌ನರ್ (1930–2017) ಬಾಸೆಲ್‌ನವರು. 1959ರಲ್ಲಿ ಮಾರ್ಕುಸ್ ಕುಟ್ಟರ್ ಜತೆ ಏಜೆನ್ಸಿ ಕಟ್ಟಿದರು. ಪೌಲ್ ಗ್ರೆಡಿಂಗರ್ ಸೇರಿದ ಮೇಲೆ ಅದು ಜಿಜಿಕೆ ಎಂದು ಹೆಸರಾಯಿತು. ಅದರ ನಡುವೆಯೇ ಚಿತ್ರ ರಚಿಸುತ್ತ ಬಂದರು, 1973ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಅವರ ಕೆಲಸದ ಪ್ರದರ್ಶನ ನಡೆಯಿತು. ಒಂದು ಉತ್ತರ ಹುಡುಕುವ ಬದಲು ಉತ್ತರಗಳನ್ನು ಹುಟ್ಟಿಸುವ ನಿಯಮವನ್ನೇ ವಿನ್ಯಾಸಗೊಳಿಸಬೇಕು ಎಂಬುದು ಅವರ ನಿಲುವು. ಚಿತ್ರಕ್ಕೂ ಪತ್ರಿಕೆಯ ಪುಟಕ್ಕೂ ಅವರಲ್ಲಿ ಇದೊಂದೇ ಸೂತ್ರ.

1962ರಲ್ಲಿ 'ಕ್ಯಾಪಿಟಲ್' ಎಂಬ ಜರ್ಮನ್ ಆರ್ಥಿಕ ಪತ್ರಿಕೆಗೆ ಮಾಡಿದ ಗ್ರಿಡ್, ಅಂದರೆ ಪುಟದ ಕಾಲಂಗಳನ್ನು ಕೂರಿಸುವ ಅಳತೆಯ ಚೌಕಟ್ಟು ಇದು. ಅಂಚು ಬಿಟ್ಟು ಪುಟದ ಅಗಲ 58 ಘಟಕ, ಕಾಲಂಗಳ ನಡುವಿನ ಸಂದಿ ಯಾವಾಗಲೂ 2 ಘಟಕ. ಎರಡು ಕಾಲಂ ಮಾಡಿದರೆ ಒಂದೊಂದು 28, ಮೂರಾದರೆ 18, ನಾಲ್ಕಾದರೆ 13, ಐದಾದರೆ 10, ಆರಾದರೆ 8. ಎಲ್ಲೂ ಶೇಷ ಉಳಿಯುವುದಿಲ್ಲ. ಗುಟ್ಟು ಸರಳ: 58ಕ್ಕೆ ಕೊನೆಯ ಕಾಲಂನ ಪಕ್ಕದಲ್ಲಿ ಇಲ್ಲದ ಆ 2 ಘಟಕವನ್ನೂ ಕೂಡಿಸಿ, 60 ಆಗುತ್ತದೆ. 60 ಎಂದರೆ 1ರಿಂದ 6ರವರೆಗೆ ಎಲ್ಲದರಿಂದಲೂ ಭಾಗವಾಗುವ ಸಂಖ್ಯೆ. ಸಂದಿ 1 ಘಟಕ ಬೇಕೆಂದರೆ ಅಗಲ 59 ಇಟ್ಟುಕೊಳ್ಳಿ, ಅದೇ ಲೆಕ್ಕ ನಡೆಯುತ್ತದೆ. ನಾಲ್ಕು ಕಾಲಂ ಗ್ರಿಡ್ಡನ್ನು ಮೂರರ ಮೇಲೆ ಇಟ್ಟರೂ ಗೆರೆಗಳು ಒಂದೇ ಘಟಕದ ಮೇಲೆ ಕೂರುವುದು ಇದರ ಸೊಗಸು. ಒಂದೇ ಸಂಚಿಕೆಯಲ್ಲಿ ಉದ್ದ ಲೇಖನ, ಚಿಕ್ಕ ಸುದ್ದಿ, ಕೋಷ್ಟಕ ಎಲ್ಲವೂ ಬಂದರೂ ಪುಟ ಒಡೆದು ಕಾಣುವುದಿಲ್ಲ.

ಮೂಲದಲ್ಲಿ ಒಂದು ಘಟಕ ಎಂದರೆ 10 ಪಾಯಿಂಟ್, ಅದೇ ಸಾಲಿನ ಎತ್ತರವೂ ಹೌದು. ಇಲ್ಲಿ ಎರಡು ಕಡೆ ಜೋಪಾನ. ಆ ಕಾಲದ ಯೂರೋಪಿನ ಪಾಯಿಂಟ್ ಸುಮಾರು 0.376 ಮಿ.ಮೀ., ನಮ್ಮ ಕಂಪ್ಯೂಟರಿನದು 0.353 ಮಿ.ಮೀ. ಹಾಗಾಗಿ 580 ಪಾಯಿಂಟ್ ಅಲ್ಲಿ 218 ಮಿ.ಮೀ. ಆದರೆ ಇಲ್ಲಿ 205 ಮಿ.ಮೀ. ಎ4 ಅಗಲವೇ 210 ಮಿ.ಮೀ. ಇರುವಾಗ ಅಂಚಿಗೆ ಜಾಗವೇ ಉಳಿಯದು. ಘಟಕವನ್ನು 9 ಪಾಯಿಂಟಿಗೆ ಇಳಿಸಿ. ಒಟ್ಟು 522 ಪಾಯಿಂಟ್, ಅಂದರೆ 184 ಮಿ.ಮೀ., ಎರಡೂ ಕಡೆ ತಲಾ 13 ಮಿ.ಮೀ. ಅಂಚು.

ಎರಡನೆಯದು ನಮ್ಮ ಅಕ್ಷರದ ವಿಷಯ. 9 ಪಾಯಿಂಟ್ ಅಕ್ಷರಕ್ಕೆ 9 ಪಾಯಿಂಟ್ ಸಾಲು ಕೊಟ್ಟರೆ ಕನ್ನಡದಲ್ಲಿ ಮೇಲುಸಾಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ಹೋಗಿ ಗುದ್ದುತ್ತದೆ. ಸಾಲಿನ ಎತ್ತರ ಒಂದೂವರೆ ಘಟಕ, 13.5 ಪಾಯಿಂಟ್ ಇಡಿ. ಎರಡು ಸಾಲಿಗೆ ಮೂರು ಘಟಕವಾಗುವುದರಿಂದ ಫೋಟೋದ ತಳವೂ ಸಾಲಿನ ತಳವೂ ಆಗಾಗ ಕೂಡಿಕೊಳ್ಳುತ್ತವೆ. ಆರು ಕಾಲಂ ಮಾತ್ರ ಕನ್ನಡದ ಪಠ್ಯಕ್ಕೆ ಬೇಡ. 72 ಪಾಯಿಂಟ್, ಬರೋಬ್ಬರಿ ಒಂದಿಂಚು. 'ನಿರ್ವಹಿಸಬೇಕಾಗಿತ್ತೆಂಬುದನ್ನು' ಎಂಬಂಥ ಒಂದು ಪದ ಬಂದರೆ ಸಾಲೇ ಖಾಲಿ ಹೊಡೆಯುತ್ತದೆ. ಅದನ್ನು ಚಿತ್ರ, ಅಂಕಿಅಂಶಕ್ಕೆ ಇಟ್ಟುಕೊಂಡು ಪಠ್ಯವನ್ನು ಮೂರು ಅಥವಾ ನಾಲ್ಕು ಕಾಲಂನಲ್ಲಿ ಹರಿಸಿ. ಗೈಡ್‌ಗಳನ್ನು ಮಿ.ಮೀ.ನಲ್ಲಿ ಎಳೆಯಬೇಡಿ, ದಶಮಾಂಶ ಕತ್ತರಿಸಿ ಕತ್ತರಿಸಿ ಬಲತುದಿಯಲ್ಲಿ ಒಂದು ಕೂದಲೆಳೆ ತಪ್ಪುತ್ತದೆ. ಸಾಫ್ಟ್‌ವೇರಿನ ಅಳತೆಯನ್ನೇ ಪಾಯಿಂಟಿಗೆ ಬದಲಿಸಿಕೊಳ್ಳಿ.

ಪ್ರಶ್ನೆ: ಬರೀ ಗಂಡಸರ ಹೆಸರೇ ಕೇಳುತ್ತೇವೆ. ಹೆಂಗಸರು ಇರಲಿಲ್ಲವೇ? (ಶಿಕ್ಷಕಿ, ಶಿವಮೊಗ್ಗ)

ಇದ್ದರು, ಅವರ ಕೆಲಸ ಇವತ್ತಿಗೂ ನಮ್ಮ ಕಣ್ಣೆದುರಿಗಿದೆ. ಯುಬಿಎಸ್ ಬ್ಯಾಂಕಿನ ಮೂರು ಬೀಗದ ಕೈಗಳ ಗುರುತು ನೋಡಿದ್ದೀರಲ್ಲ, ಅದರ ಮೂಲ 1930ರ ದಶಕದ ಕೊನೆಯಲ್ಲಿ ವಾರ್ಯಾ ಲವಾಟರ್ (1913–2007) ಅಂದಿನ ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್‌ಗೆ ಮಾಡಿದ ವಿನ್ಯಾಸ. 1998ರಲ್ಲಿ ಬ್ಯಾಂಕುಗಳು ವಿಲೀನವಾದಾಗಲೂ ಕೀಲಿಕೈ ಉಳಿಯಿತು. ಹೊನೆಗರ್ ಅವರ ಜತೆ ಸ್ಟುಡಿಯೋ ತೆರೆದವರು, ಅವರನ್ನು ಮದುವೆಯಾದವರು ಇವರೇ. ಮಕ್ಕಳ ಪತ್ರಿಕೆಯೊಂದಕ್ಕೆ 1944ರಿಂದ 1958ರವರೆಗೆ ಚಿತ್ರ, ವಿನ್ಯಾಸ ಮಾಡಿದರು. ನ್ಯೂಯಾರ್ಕಿಗೆ ಹೋದ ಮೇಲೆ ಅಲ್ಲಿನ ರಸ್ತೆ ಫಲಕಗಳ ಭಾಷೆ ಅವರನ್ನು ಸೆಳೆಯಿತು. ಮಾತಿಲ್ಲದೆ ಕಥೆ ಹೇಳುವ ಮಡಿಕೆ ಪುಸ್ತಕಗಳನ್ನು ಕಟ್ಟಿದರು. 'ವಿಲ್ಹೆಲ್ಮ್ ಟೆಲ್' ಕಥೆಯನ್ನು 1962ರಲ್ಲಿ ಮಾಡರ್ನ್ ಆರ್ಟ್ ಮ್ಯೂಸಿಯಂ ಪ್ರಕಟಿಸಿತು.

ಕೆಂಪು ಟೊಪ್ಪಿಗೆಯ ಹುಡುಗಿಯ ಕಥೆಯನ್ನು ಅವರು ಹೇಳುವ ರೀತಿ ನೋಡಿ. ಮೊದಲ ಪುಟದಲ್ಲಿ ನಕ್ಷೆಗಿರುವಂತೆ ಸಂಕೇತಗಳ ಪಟ್ಟಿ: ಹುಡುಗಿ ಕೆಂಪು ಚುಕ್ಕೆ, ತೋಳ ಕಪ್ಪು ಚುಕ್ಕೆ, ಕಾಡಿನ ಮರಗಳು ಹಸಿರು ಚುಕ್ಕೆ. ಮುಂದೆ ಒಂದಕ್ಷರವೂ ಇಲ್ಲ. ಹಸಿರು ಚುಕ್ಕೆಗಳ ನಡುವೆ ಸಣ್ಣ ಕೆಂಪು ಚುಕ್ಕೆ ಸಾಗುತ್ತಿದೆ, ಪಕ್ಕಕ್ಕೆ ದೊಡ್ಡ ಕಪ್ಪು ಚುಕ್ಕೆ ಬಂದು ನಿಲ್ಲುತ್ತದೆ. ಮಗುವಿನ ಎದೆ ಝಲ್ ಎನ್ನಲು ಅಷ್ಟು ಸಾಕು. ಲೋಗೊ ಮಾಡಿ ಪಳಗಿದ ಕೈ ಇಡೀ ಕಥೆಯನ್ನೇ ಲೋಗೊಗಳಲ್ಲಿ ಬರೆದಿದೆ.

ನೀವು ಶಿಕ್ಷಕಿಯಾದ್ದರಿಂದ ತರಗತಿಯಲ್ಲಿ ಮಾಡಿಸುವ ವಿಧಾನ ಹೇಳುತ್ತೇವೆ. ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದುಕೊಳ್ಳಿ: ಕಪ್ಪು ಚುಕ್ಕೆ, ಕಂದು ಚುಕ್ಕೆ, ಸಗಣಿ ಮನೆಗೊಂದು ಚೌಕ, ಕಲ್ಲು ಮನೆಗೊಂದು ಚೌಕ, ಮಳೆಗೆ ನೀಲಿ ಗೀಟು. 160ರಿಂದ 200 ಜಿಎಸ್ಎಂ ಕಾಗದದ ಮೂರು ಎ3 ಹಾಳೆ ಸಾಕು. ಪ್ರತಿ ಹಾಳೆಯಿಂದ 42 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲದ ಎರಡು ಪಟ್ಟಿ ಬರುತ್ತವೆ. ಒಂದು ಪಟ್ಟಿಯಲ್ಲಿ 10 ಸೆಂ.ಮೀ.ನ ನಾಲ್ಕು ಪುಟ, ಉಳಿದ 2 ಸೆಂ.ಮೀ. ಮುಂದಿನ ಪಟ್ಟಿಗೆ ಅಂಟಿಸಲು. ಐದು ಪಟ್ಟಿ ಸೇರಿದರೆ 20 ಪುಟ, ಬಿಚ್ಚಿದರೆ ಎರಡು ಮೀಟರ್. ಒಂದು ಪಟ್ಟಿ ಕೆಟ್ಟರೆ ಇರಲೆಂದು ಆರನೆಯದು.

ಸಾಮಾನ್ಯವಾಗಿ ಎರಡು ಕಡೆ ಕೆಡುತ್ತದೆ. ಕಾಗದದ ನಾರು ಮಡಿಕೆಯ ದಿಕ್ಕಿನಲ್ಲೇ ಇರಬೇಕು, ಅಡ್ಡ ಇದ್ದರೆ ಮಡಿಕೆ ಬಿರುಕು ಬಿಡುತ್ತದೆ. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ಕಡೆಗೇ ಮಡಿಕೆ ಬರುವಂತೆ ಕತ್ತರಿಸಿ. ಇನ್ನೊಂದು, ಮಕ್ಕಳು ಒಂದು ಗುರುತಿನಿಂದ ಮುಂದಿನ ಗುರುತಿಗೆ ಹತ್ತತ್ತು ಅಳೆಯುತ್ತಾರೆ. ಸಲಕ್ಕೆ ಅರ್ಧ ಮಿ.ಮೀ. ತಪ್ಪಿದರೂ ಇಪ್ಪತ್ತು ಪುಟಕ್ಕೆ ಒಂದು ಸೆಂ.ಮೀ. ಆಗಿ ಮಡಿಕೆ ಓರೆಯಾಗುತ್ತದೆ. ಅಳತೆಪಟ್ಟಿಯನ್ನು ಒಂದೇ ತುದಿಯಲ್ಲಿಟ್ಟು 10, 20, 30, 40 ಎಂದು ಒಟ್ಟಿಗೆ ಗುರುತು ಹಾಕಿಸಿ. ಇಂಕು ಮುಗಿದ ಬಾಲ್‌ಪೆನ್ನಿನಲ್ಲಿ ಗೀರಿದ ಮೇಲೆ ಮಡಚಿದರೆ ಗೆರೆ ನೆಟ್ಟಗೆ ಬರುತ್ತದೆ.

ಇನ್ನಿಬ್ಬರ ಹೆಸರನ್ನೂ ನೆನಪಿಡಿ. ವೆರೆನಾ ಲೋವೆನ್ಸ್‌ಬರ್ಗ್ (1912–1986) ಜ್ಯೂರಿಕ್‌ನ ಮೂರ್ತ ಕಲಾವಿದರ ಗುಂಪಿನಲ್ಲಿ ಬಿಲ್, ಲೋಸೆ ಅವರಿಗೆ ಸಮನಾಗಿ ನಿಂತವರು. ಜಪಾನಿನಲ್ಲಿ ಹುಟ್ಟಿ, ಉಲ್ಮ್‌ನಲ್ಲಿ ಕಲಿತು ಜ್ಯೂರಿಕ್‌ಗೆ ಬಂದ ಶಿಜುಕೊ ಯೋಶಿಕಾವಾ (1934–2019) ಮ್ಯುಲರ್-ಬ್ರಾಕ್‌ಮನ್ ಅವರ ಸ್ಟುಡಿಯೋದಲ್ಲಿ ವಿನ್ಯಾಸಕಿಯಾಗಿದ್ದು, ಅವರನ್ನು ವರಿಸಿ, ಮುಂದೆ ಚಿತ್ರಕಾರ್ತಿಯಾದರು.

ಪ್ರಶ್ನೆ: ಹಾಗಾದರೆ ಮ್ಯುಲರ್-ಬ್ರಾಕ್‌ಮನ್ ಕೂಡ ಕಲಾವಿದರೇ? (ಉಡುಪಿ)

ಅವರು ಕಲಾವಿದರಾಗಿ ಅಲ್ಲ, ವಿನ್ಯಾಸಕಾರರಾಗಿಯೇ ನಿಂತವರು. ಆದರೆ ಮೂರ್ತ ಕಲೆಗೆ ರಾಪರ್ಸ್‌ವಿಲ್‌ನಲ್ಲಿ ಗ್ಯಾಲರಿ ನಡೆಸಿದರು. 1955ರ ಬೀಥೋವನ್ ಸಂಗೀತ ಕಛೇರಿಯ ಪೋಸ್ಟರಿನಲ್ಲಿ ಕಪ್ಪು ಕಂಸಗಳು ಹೊರಗೆ ಹೋದಂತೆ ಇಮ್ಮಡಿ ಇಮ್ಮಡಿ ದಪ್ಪವಾಗುತ್ತವೆ. ಆ ಕಲೆಯಿಂದ ಅವರು ಎಷ್ಟು ಪಡೆದರು ಎಂಬುದಕ್ಕೆ ಅದೇ ಸಾಕ್ಷಿ.

ಪ್ರಶ್ನೆ: ಎರಡೂ ಕೆಲಸ ಮಾಡಿ ಪೆಟ್ಟು ತಿಂದವರಿದ್ದಾರೆಯೇ? (ಕಲಬುರಗಿ)

ಹಾನ್ಸ್ ಎರ್ನಿ (1909–2015), ಲುಸೆರ್ನ್‌ನವರು. 1939ರ ಜ್ಯೂರಿಕ್ ರಾಷ್ಟ್ರೀಯ ಪ್ರದರ್ಶನಕ್ಕೆ ಬೃಹತ್ ಭಿತ್ತಿಚಿತ್ರ ಬರೆದು ಮನೆಮಾತಾದರು. ರಾಷ್ಟ್ರೀಯ ಬ್ಯಾಂಕ್ ಅವರಿಂದ ನೋಟುಗಳ ವಿನ್ಯಾಸ ಮಾಡಿಸಿತು. ಎಡಪಂಥೀಯರೆಂಬ ಗುಮಾನಿಯಿಂದ ಆ ನೋಟು ಚಲಾವಣೆಗೆ ಬರಲೇ ಇಲ್ಲ. ಚಿತ್ರಕಾರನ ರಾಜಕೀಯ ವಿನ್ಯಾಸಕಾರನ ಅನ್ನಕ್ಕೆ ಕಲ್ಲು ಹಾಕಿತು. ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ. 1954ರಲ್ಲಿ ಪರಮಾಣು ಯುದ್ಧದ ವಿರುದ್ಧ ಅವರು ಮಾಡಿದ ಪೋಸ್ಟರಿನಲ್ಲಿ ತಲೆಬುರುಡೆಯಿಂದ ಅಣಬೆಮೋಡ ಏಳುತ್ತದೆ. ನೂರಾರು ಪೋಸ್ಟರ್, ಹತ್ತಾರು ಅಂಚೆಚೀಟಿ ಮಾಡಿ ನೂರಾಆರು ವರ್ಷ ಬಾಳಿದರು.

ವೃತ್ತಿ ಬಿಟ್ಟು ಗುಡ್ಡ ಹತ್ತಿದವರೂ ಇದ್ದಾರೆ. ಅಲೋಯಿಸ್ ಕಾರಿಜಿಯೆಟ್ (1902–1985) ಜ್ಯೂರಿಕ್‌ನಲ್ಲಿ ಗ್ರಾಫಿಕ್ ಸ್ಟುಡಿಯೋ ಚೆನ್ನಾಗಿ ನಡೆಯುತ್ತಿರುವಾಗಲೇ 1939ರ ಹೊತ್ತಿಗೆ ಗ್ರೌಬ್ಯುಂಡೆನ್‌ನ ಬೆಟ್ಟದ ಊರಿಗೆ ಹೋಗಿ ಚಿತ್ರ ಬರೆದರು. ಮಕ್ಕಳ ಪುಸ್ತಕಗಳ ಚಿತ್ರಕ್ಕಾಗಿ 1966ರಲ್ಲಿ ಆಂಡರ್ಸನ್ ಪದಕ ಪಡೆದ ಮೊದಲ ಚಿತ್ರಕಾರ ಅವರು.

ಪ್ರಶ್ನೆ: ಹಳೆಯ ಸ್ವಿಸ್ ಲಿಥೋ ಪೋಸ್ಟರ್ ಎಂದು ಒಬ್ಬರು ಮಾರುತ್ತಿದ್ದಾರೆ. ಅಸಲಿ ಎಂದು ತಿಳಿಯುವುದು ಹೇಗೆ? (ಹುಬ್ಬಳ್ಳಿ)

ಮೊದಲು ಹತ್ತು ಪಟ್ಟು ಹಿಗ್ಗಿಸುವ ಲೂಪ್ ತನ್ನಿ. ಕಲ್ಲಚ್ಚಿನ ಪೋಸ್ಟರಿನಲ್ಲಿ ಬಣ್ಣ ಒಂದೋ ಗಟ್ಟಿಯಾಗಿ ಹಾಸಿರುತ್ತದೆ, ಇಲ್ಲವೇ ಮೇಣದ ಕಡ್ಡಿ ಉಜ್ಜಿದಂತೆ ಅಡ್ಡಾದಿಡ್ಡಿ ಕಣಗಳಾಗಿರುತ್ತದೆ. ನಾಲ್ಕು ಬಣ್ಣದ ಚುಕ್ಕೆಗಳು ಸಾಲಾಗಿ ಹೂವಿನಂತೆ ಕೂತಿದ್ದರೆ ಅದು ಆಫ್‌ಸೆಟ್ ಮರುಮುದ್ರಣ. ಸಿಂಪಡಿಸಿದ ಹಾಗೆ ಅತಿ ಸಣ್ಣ ಚುಕ್ಕೆ ಕಂಡರೆ ಇಂಕ್‌ಜೆಟ್. ಬಣ್ಣಗಳ ಅಂಚು ನೋಡಿ: ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಇದ್ದುದರಿಂದ ಒಂದರ ಮೇಲೊಂದು ಚೂರು ಹತ್ತಿರುತ್ತದೆ, ಅಲ್ಲಿ ಮೂರನೆಯ ಬಣ್ಣದ ಎಳೆ ಕಾಣುತ್ತದೆ. ಆಮೇಲೆ ಅಳತೆ. 1910ರ ದಶಕದಿಂದ ಅಲ್ಲಿ ಪೋಸ್ಟರಿಗೆ 90.5 × 128 ಸೆಂ.ಮೀ. ಎಂಬ ಅಳತೆ ರೂಢಿಗೆ ಬಂತು. ಆ ಕಾಲದ ಪ್ರಸಿದ್ಧ ಪೋಸ್ಟರ್ 50 × 70 ಸೆಂ.ಮೀ.ನಲ್ಲಿ ಸಿಕ್ಕರೆ ಅನುಮಾನಿಸಿ. ಕೆಳ ಅಂಚಿನಲ್ಲಿ ಮುದ್ರಕರ ಹೆಸರು ಇರಬೇಕು. ಅಂಚು ಕತ್ತರಿಸಿದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ.

ಈ ಪೋಸ್ಟರುಗಳನ್ನು ಮಾಡಿದವರು ಚಿತ್ರಕಾರರೇ. ಎಮಿಲ್ ಕಾರ್ಡಿನೋ 1908ರಲ್ಲಿ ಜೆರ್ಮಾಟ್‌ಗಾಗಿ ಮ್ಯಾಟರ್‌ಹಾರ್ನ್ ಶಿಖರವನ್ನು ಬರೆದಾಗ ಹೋಟೆಲು, ರೈಲು, ವೇಳಾಪಟ್ಟಿ ಎಲ್ಲ ತೆಗೆದುಹಾಕಿ ಬೆಟ್ಟವೊಂದನ್ನೇ ಉಳಿಸಿದರು. ಓಟೊ ಬೌಂಬರ್ಗರ್ 1923ರಲ್ಲಿ ಪಿಕೆಝಡ್ ಬಟ್ಟೆ ಅಂಗಡಿಗೆ ಮಾಡಿದ್ದು ಇನ್ನೂ ದಿಟ್ಟ. ಇಡೀ ಹಾಳೆಯಲ್ಲಿ ಒಂದು ಉಣ್ಣೆ ಕೋಟಿನ ಎದೆಭಾಗ ಮಾತ್ರ, ನೇಯ್ಗೆಯ ಎಳೆ ಎಳೆಯೂ ಕೈಯಲ್ಲಿ ಬರೆದದ್ದು. ಮನುಷ್ಯನಿಲ್ಲ, ಘೋಷಣೆಯಿಲ್ಲ. ಅಂಗಡಿಯ ಹೆಸರಿರುವುದು ಕೋಟಿನ ಒಳಗೆ ಹೊಲಿದ ಲೇಬಲ್ಲಿನಲ್ಲಿ. ಅದೇ ಅಂಗಡಿಗೆ 1934ರಲ್ಲಿ ನಿಕ್ಲೌಸ್ ಸ್ಟೋಕ್ಲಿನ್ ಒಂದೇ ಒಂದು ದೊಡ್ಡ ಗುಂಡಿಯನ್ನು ಬರೆದರು. 1925ರಲ್ಲಿ ಮಾನ್‌ಹೈಮ್‌ನಲ್ಲಿ ನಡೆದ 'ಹೊಸ ವಸ್ತುನಿಷ್ಠತೆ' ಚಿತ್ರಪ್ರದರ್ಶನದಲ್ಲಿದ್ದ ಏಕೈಕ ಸ್ವಿಸ್ ಚಿತ್ರಕಾರ ಅವರು. ವಸ್ತುವನ್ನು ಕಣ್ಣು ಕೀಲಿಸಿ ನೋಡುವ ಆ ಅಭ್ಯಾಸ ಗುಂಡಿಯಲ್ಲೂ ಅಷ್ಟೇ ಇದೆ.

ಪ್ರಶ್ನೆ: ಇವರಲ್ಲಿ ಯಾರಾದರೂ ಭಾರತಕ್ಕೆ ಬಂದಿದ್ದರೇ? ಕೆಲಸಗಳನ್ನು ಇಲ್ಲಿಂದಲೇ ನೋಡುವ ದಾರಿ ಇದೆಯೇ? (ದಾವಣಗೆರೆ)

ಬಾಸೆಲ್‌ನ ಆರ್ಮಿನ್ ಹಾಫ್‌ಮನ್ (1920–2020) 1965ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪಾಠ ಮಾಡಿದ್ದರು. 'ಯೂನಿವರ್ಸ್' ಅಕ್ಷರ ರೂಪಿಸಿದ, ಬಿಡುವಿನಲ್ಲಿ ಮರಗೆತ್ತನೆಯ ಚಿತ್ರ ಮಾಡುತ್ತಿದ್ದ ಆಡ್ರಿಯನ್ ಫ್ರುಟಿಗರ್ ಅವರಿಗೂ ಅದೇ ಸಂಸ್ಥೆಯ ದೇವನಾಗರಿ ಅಕ್ಷರಗಳ ಕೆಲಸದೊಂದಿಗೆ ನಂಟಿತ್ತು.

ಜ್ಯೂರಿಕ್ ವಿನ್ಯಾಸ ಮ್ಯೂಸಿಯಂನ ಸಂಗ್ರಹ ಇಮ್ಯೂಸಿಯಂ ಎಂಬ ಜಾಲತಾಣದಲ್ಲಿ ಉಚಿತವಾಗಿದೆ. ಕನ್ನಡ ಉಚ್ಚಾರಣೆ ಅಲ್ಲಿ ಉಪಯೋಗಕ್ಕೆ ಬಾರದು, ಹೆಸರನ್ನು ರೋಮನ್ ಲಿಪಿಯಲ್ಲಿ ಸರಿಯಾಗಿ ಕೊಟ್ಟು ಹುಡುಕಿ. ಚಿತ್ರದ ಪಕ್ಕದಲ್ಲಿ ಮುದ್ರಣ ವಿಧಾನ, ಸೆಂ.ಮೀ.ನಲ್ಲಿ ಅಳತೆ ಎರಡೂ ಇರುತ್ತವೆ. ಗೋಡೆಯ ಮೇಲೆ ಆ ಅಳತೆಗೆ ದಾರ ಕಟ್ಟಿ ಪರದೆಯ ಚಿತ್ರವನ್ನು ನೋಡಿ. 128 ಸೆಂ.ಮೀ. ಎತ್ತರದಲ್ಲಿ ಬೌಂಬರ್ಗರ್ ಅವರ ಕೋಟು ಎಷ್ಟು ದೊಡ್ಡದಾಗಿ ನಿಂತಿತ್ತೆಂದು ಆಗ ತಿಳಿಯುತ್ತದೆ.